ಎಸ್ಸೆಸ್ಸೆಲ್ಸಿ ವರ್ಷ ಮಗಳಿಗೆ ಖೊಖೊ ಬಿಡಿಸಬೇಕಾ, ನಾಟಕ ಬಿಡಿಸಬೇಕಾ?

ನಿಮ್ಮ ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ಬಂದಿದ್ದಾಳೆ, ಖೊಖೊ ಟೀಮಿನಲ್ಲೂ ಇದ್ದಾಳೆ, ಶಾಲೆಯ ನಾಟಕದಲ್ಲೂ ಇದ್ದಾಳೆ, ಯಾವುದನ್ನು ಬಿಡಿಸಲಿ ಅಂತ ಕೇಳಿದ್ದೀರಿ. 2018ರಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಆ ಹುಡುಗಿ ನಾನು.

ನಮ್ಮದು ಸಾಗರ ತಾಲ್ಲೂಕು. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಹತ್ತಿರವೇ ಇರುವುದರಿಂದ ನಮ್ಮ ಕಡೆ ನಾಟಕ ಅಂದರೆ ಯಾರೂ ಮೂಗು ಮುರಿಯುವುದಿಲ್ಲ. ಅವರು ಊರೂರು ಸುತ್ತಿ ಆಡುವ ತಿರುಗಾಟದ ನಾಟಕಗಳಿಗೆ ಅಪ್ಪನೇ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆದರೆ ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಅದೇ ಅಪ್ಪ, "ಮಾರ್ಕ್ಸ್ ಕಮ್ಮಿಯಾದರೆ ಆಟಾನೂ ಇಲ್ಲ, ನಾಟಕಾನೂ ಇಲ್ಲ" ಅಂದುಬಿಟ್ಟರು. ನನ್ನ ವರ್ಷ ಹಾಳಾಗಿದ್ದು ಆ ಮಾತಿನಿಂದಲೇ ಅಂತ ಈಗ ಅನಿಸುತ್ತದೆ.

ಆ ವರ್ಷ ನಮ್ಮ ಟೀಮು ಹೋಬಳಿ ಗೆದ್ದಿತು, ತಾಲ್ಲೂಕು ಗೆದ್ದಿತು, ಜಿಲ್ಲಾ ಮಟ್ಟಕ್ಕೆ ಹೋಯಿತು. ಪಂದ್ಯ, ಪ್ರಾಕ್ಟೀಸು ಎಲ್ಲ ಸೇರಿ ಒಂಬತ್ತು ದಿನ ಗಣಿತದ ಪಿರಿಯಡ್ ತಪ್ಪಿತು. ಆ ಒಂಬತ್ತು ದಿನಗಳಲ್ಲೇ ಸರ್ ತ್ರಿಭುಜಗಳ ಪಾಠ ಮುಗಿಸಿದ್ದರು. ವಾಪಸ್ ಬಂದವಳು ಗೆಳತಿಯ ನೋಟ್ಸ್ ತಂದು ರಾತ್ರಿ ಕೂತು ಪೂರ್ತಿ ಬರೆದುಕೊಂಡೆ. ಚಿತ್ರ ಸ್ಕೇಲಿಟ್ಟು ಎಳೆದೆ, ಕೆಳಗೆ ಗೆರೆ ಹಾಕಿದೆ. ಸರ್ ನೋಡಿ ಕೆಂಪು ಪೆನ್ನಿನಲ್ಲಿ ಸಹಿ ಮಾಡಿದರು. ಪಾಠ ಆಯಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ನನಗೆ ಥೇಲ್ಸ್ ಪ್ರಮೇಯ ಒಂದಿಷ್ಟೂ ಅರ್ಥ ಆಗಿರಲಿಲ್ಲ.

ಅದು ದೊಡ್ಡ ವಿಷಯವೇನಲ್ಲ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ, ಅಷ್ಟೇ. ಆದರೆ ಸಮರೂಪ ತ್ರಿಭುಜ ನಿಂತಿರುವುದು ಅದರ ಮೇಲೆ, ಆಗಿನ ನಮ್ಮ ಪುಸ್ತಕದಲ್ಲಿ ಪೈಥಾಗೊರಸ್ ಪ್ರಮೇಯ ಸಾಧಿಸಿದ್ದು ಸಮರೂಪ ತ್ರಿಭುಜದಿಂದ. ಬುಡ ಇಲ್ಲದೆ ಮೇಲಿನದ್ದನ್ನೆಲ್ಲ ಬಾಯಿಪಾಠ ಮಾಡಿದೆ. ಅಕ್ಷರ ಬದಲಾದರೆ, ಎಬಿಸಿ ಬದಲು ಪಿಕ್ಯೂಆರ್ ಅಂತ ಕೊಟ್ಟರೆ, ಕೈ ನಿಂತುಹೋಗುತ್ತಿತ್ತು.

ಸರ್ ಹತ್ತಿರ ಕೇಳಬಹುದಿತ್ತು ಅಲ್ವಾ? ಅವರು ಬೈಯುವವರೇ ಅಲ್ಲ. ನಾಟಕದ ರಿಹರ್ಸಲ್‌ನಲ್ಲಿ ಒಂದು ಮಾತಿನ ಅರ್ಥ ಗೊತ್ತಾಗದಿದ್ದರೆ ಎಲ್ಲರ ಮುಂದೆಯೇ ಕೈ ಎತ್ತಿ ಕೇಳುತ್ತಿದ್ದವಳು ನಾನು. ಗಣಿತದಲ್ಲಿ ಮಾತ್ರ ಕೇಳಲಿಲ್ಲ. ಕೇಳಿದರೆ "ಆಟಕ್ಕೆ ಹೋಗಿ ಪಾಠ ತಪ್ಪಿಸಿಕೊಂಡಳು" ಅಂತ ಆಗುತ್ತದೆ, ಅದು ಅಪ್ಪನ ಕಿವಿಗೆ ಬೀಳುತ್ತದೆ, ಅಲ್ಲಿಗೆ ಖೊಖೊ ಮುಗಿಯಿತು. ಆಟ ಉಳಿಸಿಕೊಳ್ಳೋಕೆ ಅರ್ಥ ಆಗದ್ದನ್ನು ಮುಚ್ಚಿಟ್ಟೆ. ಒಂದು ದಿನ ಅಲ್ಲ, ಐದು ತಿಂಗಳು. ನನ್ನ ತಪ್ಪು ಇದೇ. ಆಡಿದ್ದು ತಪ್ಪಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಣ್ಣ ಬಯಲಾಯಿತು. ಅಪ್ಪ ಹೇಳಿದಂತೆಯೇ ಮಾಡಿದರು. ವಾರ್ಷಿಕೋತ್ಸವಕ್ಕೆ ಎಂಟು ದಿನ ಇರುವಾಗ ನಾಟಕ ಬಿಡಿಸಿದರು, ನನ್ನ ಪಾತ್ರವನ್ನು ಒಂಬತ್ತನೇ ಕ್ಲಾಸಿನ ಹುಡುಗಿ ಮಾಡಿದಳು. ನಾನು ಮನೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಸಂಜೆಗಳೇನೋ ಖಾಲಿಯಾದವು, ಆದರೆ ಥೇಲ್ಸ್ ಪ್ರಮೇಯ ಅದರಿಂದ ಬರಲಿಲ್ಲ. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 21. ಫೇಲ್.

ಜೂನ್‌ನ ಪೂರಕ ಪರೀಕ್ಷೆಗೆ ಮುಂಚೆ ಕೊನೆಗೂ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಶಾಲೆಯ ಜಗಲಿ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಒಂದು ಮಧ್ಯಾಹ್ನ ಸಾಕಾಯಿತು! ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ಪಾಸಾದೆ, ಪಿಯುಸಿಗೂ ಸೇರಿದೆ, ಆದರೆ ಆ ನಾಟಕ ಮತ್ತೆ ಸಿಗಲಿಲ್ಲ, ಆ ಟೀಮಿನ ಹುಡುಗಿಯರು ಮತ್ತೆ ಒಟ್ಟಿಗೆ ಆಡಲೇ ಇಲ್ಲ.

ಹಾಗಾಗಿ ಯಾವುದನ್ನು ಬಿಡಿಸಬೇಕು ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡನ್ನೂ ಬಿಡಿಸಬೇಡಿ. ಬಿಡಿಸ್ತೀನಿ ಅನ್ನುವ ಮಾತನ್ನೂ ಆಡಬೇಡಿ. ಈಗಾಗಲೇ ಆಡಿದ್ದರೆ ಇವತ್ತೇ ಕೂರಿಸಿಕೊಂಡು ವಾಪಸ್ ತೆಗೆದುಕೊಳ್ಳಿ. "ಅರ್ಥ ಆಗಿಲ್ಲ ಅಂತ ಹೇಳಿದರೆ ಆಟ ನಿಲ್ಲಲ್ಲ" ಅಂತ ಬಾಯಿಬಿಟ್ಟು ಹೇಳಿ, ಸುಮ್ನೆ ಅವಳಿಗೇ ಗೊತ್ತಾಗುತ್ತೆ ಅಂತ ಬಿಡಬೇಡಿ. ಪಿ.ಟಿ. ಸರ್ ಹತ್ತಿರ ಪಂದ್ಯಗಳ ತಾರೀಖು ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಅವಳು ಪಂದ್ಯ ಮುಗಿಸಿ ಬಂದ ವಾರ ನೋಟ್ಸ್ ನೋಡಬೇಡಿ, ನೋಟ್ಸ್ ಯಾವಾಗಲೂ ಪೂರ್ತಿ ಇರುತ್ತದೆ. ತಪ್ಪಿಹೋದ ಪಾಠದ ಒಂದು ಲೆಕ್ಕವನ್ನು ನಿಮಗೆ ಹೇಳಿಕೊಡೋಕೆ ಹೇಳಿ. ನಿಮಗೆ ಗಣಿತ ಬರದಿದ್ದರೂ ಪರವಾಗಿಲ್ಲ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಸಿ, ಮರುದಿನ ಅದನ್ನೇ ತೆಗೆದುಕೊಂಡು ಹೋಗಿ ಮೇಷ್ಟ್ರಿಗೆ ತೋರಿಸಲಿ.