ಸ್ಪೀಡ್ ಡಬಲ್ ಆದ್ರೆ ಬ್ರೇಕಿಗೆ ಎಷ್ಟು ಜಾಗ ಬೇಕು? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾರ್, ನನ್ನ ಮಗ ಬೈಕಲ್ಲಿ 80ಕ್ಕೆ ಕಮ್ಮಿ ಹೋಗಲ್ಲ. ಬೈದ್ರೆ "ಅಪ್ಪಾ, ನೀನು 40, ನಾನು 80, ನಿಲ್ಲೋಕೆ ನಿನಗಿಂತ ಡಬಲ್ ಜಾಗ ಬೇಕು, ಅಷ್ಟು ಗ್ಯಾಪ್ ಬಿಟ್ಕೊಂಡೇ ಹೋಗ್ತೀನಿ" ಅಂತಾನೆ. ಎಲ್ಎಲ್ ಮಾಡಿಸೋಕೆ ಹೋದಾಗ ಅಲ್ಲೊಬ್ರು ನಾಲ್ಕು ಪಟ್ಟು ಬೇಕು ಅಂದ್ರು. ಬ್ರೇಕೂ ಅದೇ, ರೋಡೂ ಅದೇ, ನಾಲ್ಕು ಎಲ್ಲಿಂದ ಬಂತು? (ಅರಸೀಕೆರೆಯ ಓದುಗರು)

ಉತ್ತರ: ಮಗ ಹೇಳಿದ ಡಬಲ್ ಸುಳ್ಳಲ್ಲ, ಆದ್ರೆ ಅದು ಟೈಮಿನ ಲೆಕ್ಕ, ದೂರದ್ದಲ್ಲ. ಒಣಗಿದ ಟಾರ್ ರೋಡಲ್ಲಿ ಒಳ್ಳೆ ಬ್ರೇಕು ಒಂದೊಂದು ಸೆಕೆಂಡಿಗೂ ಸ್ಪೀಡನ್ನ ಗಂಟೆಗೆ ಸುಮಾರು 25 ಕಿ.ಮೀ.ನಷ್ಟು ಇಳಿಸುತ್ತೆ ಅಂತಿಟ್ಕೊಳ್ಳಿ. 40ರಿಂದ ಸೊನ್ನೆಗೆ ಬರೋಕೆ 1.6 ಸೆಕೆಂಡು, 80ರಿಂದ 3.2 ಸೆಕೆಂಡು, ಇಲ್ಲೀವರೆಗೂ ಮಗನ ಮಾತೇ ಸರಿ. ಆದ್ರೆ ಆ 1.6 ಸೆಕೆಂಡಲ್ಲಿ ನಿಮ್ಮ ಬೈಕು ಸರಾಸರಿ 20ರಲ್ಲಿ ಓಡ್ತಿರುತ್ತೆ, ಅವನದ್ದು 3.2 ಸೆಕೆಂಡೂ ಸರಾಸರಿ 40ರಲ್ಲಿ ಓಡ್ತಿರುತ್ತೆ, ಅಂದ್ರೆ ಡಬಲ್ ಹೊತ್ತು, ಅದೂ ಡಬಲ್ ಸ್ಪೀಡಲ್ಲಿ! ನೀವು ಸುಮಾರು 9 ಮೀಟರಲ್ಲಿ ನಿಂತ್ರೆ ಅವನಿಗೆ ಸುಮಾರು 36 ಮೀಟರ್ ಬೇಕು.

ಇದನ್ನೇ ಪುಸ್ತಕದ ಭಾಷೇಲಿ ಹೇಳೋದಾದ್ರೆ, ಬಲವನ್ನ ಸಮಯದಿಂದ ಗುಣಿಸಿದ್ರೆ ಎಷ್ಟು ಸಂವೇಗ (ತೂಕ ಇಂಟು ವೇಗ) ಬದಲಾಯ್ತು ಅಂತ ಸಿಗುತ್ತೆ, ಅದೇ ಬಲವನ್ನ ದೂರದಿಂದ ಗುಣಿಸಿದ್ರೆ ಎಷ್ಟು ಚಲನಶಕ್ತಿ (ಓಡೋದ್ರಿಂದ ವಸ್ತುವಲ್ಲಿರೋ ಶಕ್ತಿ) ಬದಲಾಯ್ತು ಅಂತ ಸಿಗುತ್ತೆ. ಸಂವೇಗ ವೇಗದ ಜೊತೆ ಏರುತ್ತೆ, ಚಲನಶಕ್ತಿ ವೇಗದ ವರ್ಗದ (ವೇಗ ಇಂಟು ವೇಗ) ಜೊತೆ. ಬೈಕು, ಸವಾರ ಸೇರಿ 200 ಕೆ.ಜಿ. ಅಂದ್ರೆ 40ರಲ್ಲಿ ಸುಮಾರು 12 ಸಾವಿರ ಜೌಲ್ (ಶಕ್ತಿ ಅಳೆಯೋ ಮಾನ), 80ರಲ್ಲಿ 49 ಸಾವಿರ. ದಿಢೀರಂತ ನಿಲ್ಲಿಸೋವಾಗ ಹೆಚ್ಚುಕಮ್ಮಿ ಇಷ್ಟನ್ನೂ ಬ್ರೇಕೇ ಬಿಸಿ ಮಾಡಿ ಹೊರಗೆ ಹಾಕ್ಬೇಕು.

ನೀವು ಕೇಳಿದ್ದೇನೂ ದಡ್ಡ ಪ್ರಶ್ನೆ ಅಲ್ಲ ಬಿಡಿ, ಯುರೋಪಲ್ಲಿ ದೊಡ್ಡ ದೊಡ್ಡೋರೇ ಇದಕ್ಕೆ ವರ್ಷಗಟ್ಟಲೆ ಕಿತ್ತಾಡಿದ್ರು. ಓಡೋ ವಸ್ತುವಿನ 'ಜೋರು' ಅಳೆಯೋದು ವೇಗದಿಂದ ಅಂತ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಕಡೆಯವರು, ವೇಗದ ವರ್ಗದಿಂದ ಅಂತ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಕಡೆಯವರು. 1720ರ ದಶಕದಲ್ಲಿ ನೆದರ್ಲೆಂಡ್ಸಿನ ಗ್ರಾವೆಸಾಂಡೆ ಅನ್ನೋ ವಿಜ್ಞಾನಿ ಹಿತ್ತಾಳೆ ಗುಂಡುಗಳನ್ನ ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ನೋಡಿದ್ರು. ವೇಗ ಡಬಲ್ ಆದ್ರೆ ಮಣ್ಣಲ್ಲಿ ಆದ ಗುಂಡಿ ನಾಲ್ಕು ಪಟ್ಟು. ಫ್ರಾನ್ಸಿನ ಗಣಿತಜ್ಞೆ ಎಮಿಲಿ ದು ಶಾತ್ಲೆ 1740ರ ತಮ್ಮ ಪುಸ್ತಕದಲ್ಲಿ ಲೈಬ್ನಿಟ್ಸ್ ಪರವಾಗೇ ವಾದ ಮಾಡಿದ್ರು. ಕೊನೆಗೆ ನೋಡಿದ್ರೆ ಎರಡೂ ಕಡೆಯವರು ಬೇರೆ ಬೇರೆ ಸಂಗತಿ ಅಳೀತಿದ್ರು, ಒಬ್ರು ಸಂವೇಗ, ಇನ್ನೊಬ್ರು ಚಲನಶಕ್ತಿ, ಥೇಟ್ ನಿಮ್ಮ ಮನೆ ಜಗಳದ ಥರಾನೇ.

ಮಗನಿಗೆ ಇದೊಂದು ಲೆಕ್ಕ ಕೊಡಿ. ದಿಢೀರಂತ ನಾಯಿ ಅಡ್ಡ ಬಂತು, ಇಬ್ರಿಗೂ ಕಣ್ಣಿಗೆ ಬಿದ್ದು ಕಾಲು ಬ್ರೇಕ್ ಮೇಲೆ ಹೋಗೋಕೆ ಒಂದು ಸೆಕೆಂಡು ಆಯ್ತು ಅನ್ಕೊಳ್ಳಿ. ಆ ಸೆಕೆಂಡಲ್ಲಿ ನೀವು 11 ಮೀಟರ್ ಹೋಗಿ, ಬ್ರೇಕ್ ಹಾಕಿ, ಒಟ್ಟು 20 ಮೀಟರಲ್ಲಿ ನಿಂತಿರ್ತೀರ. ಅದೇ ಸೆಕೆಂಡಲ್ಲಿ ಅವನು 22 ಮೀಟರ್ ಹೋಗಿರ್ತಾನೆ. ನೀವು ನಿಂತ ಜಾಗ ಅವನು ದಾಟೋವಾಗ ಇನ್ನೂ ಪೂರ್ತಿ 80, ಬ್ರೇಕೇ ಮುಟ್ಟಿರಲ್ಲ. ಮಳೆ ಬಿದ್ದ ರೋಡಾದ್ರೆ ಇನ್ನೂ ಕಷ್ಟ, ಆ ಲೆಕ್ಕ ಅವನೇ ಮಾಡ್ಲಿ.

ಪ್ರಶ್ನೆ: ರೇಷನ್ ಅಂಗಡಿ ಕ್ಯೂನಲ್ಲಿ 25 ಕೆ.ಜಿ. ಮೂಟೆ ಹೆಗಲ ಮೇಲಿಟ್ಕೊಂಡು ಹತ್ತು ನಿಮಿಷ ನಿಂತಿದ್ದೆ, ಬೆವರು ಕಿತ್ಕೊಂಡು ಬಂತು. ಒಂಬತ್ತನೇ ಕ್ಲಾಸ್ ಓದೋ ಮಗಳು "ಅಪ್ಪಾ, ನೀನು ಮಾಡಿದ ಕೆಲಸ ಸೊನ್ನೆ" ಅಂದ್ಬಿಟ್ಳು. ಇದ್ಯಾವ ನ್ಯಾಯ? (ತಿಪಟೂರಿನ ಓದುಗರು)

ಉತ್ತರ: ಮೂಟೆ ಕಡೆಯಿಂದ ನೋಡಿದ್ರೆ ಮಗಳೇ ಸರಿ, ಪುಸ್ತಕದ ಭಾಷೇಲಿ ಕೆಲಸ ಅಂದ್ರೆ ಬಲ ಹಾಕಿ ವಸ್ತುವನ್ನ ಸರಿಸೋದು. ನೆಲದಿಂದ ಒಂದೂವರೆ ಮೀಟರ್ ಎತ್ತಿ ಹೆಗಲ ಮೇಲೆ ಹಾಕೊಂಡ್ರಲ್ಲ, ಆವಾಗ ಸುಮಾರು 370 ಜೌಲ್ ಕೊಟ್ರಿ. ಆಮೇಲೆ ನಿಂತ್ಕೊಂಡಿದ್ದಷ್ಟು ಹೊತ್ತೂ ಮೂಟೆಗೆ ಹೊಸದಾಗಿ ಏನೂ ಸಿಗ್ಲಿಲ್ಲ, ಒಂದು ಮೇಜು ಕೂಡ ಹಾಗೇ ಹೊತ್ಕೊಂಡಿರ್ತಿತ್ತು. ಆದ್ರೆ ಮೇಜಿಗೆ ಬೆವರಲ್ಲ. ನಮ್ಮ ಸ್ನಾಯು ಬಿಗಿಯಾಗೇ ಇರ್ಬೇಕು ಅಂದ್ರೆ ಒಳಗಡೆ ಎಳೆಗಳು ಕ್ಷಣಕ್ಷಣಕ್ಕೂ ಹಿಡಿದು ಬಿಟ್ಟು ಮಾಡ್ತಾ ಇರ್ಬೇಕು, ಅದಕ್ಕೆ ತಿಂದ ಮುದ್ದೆ ಖರ್ಚಾಗಿ ಬಿಸಿ ಆಗುತ್ತೆ. ಸುಸ್ತು ನಿಜ, ಲೆಕ್ಕಾನೂ ನಿಜ.

ಪ್ರಶ್ನೆ: ಘಾಟಿ ಇಳಿಯೋವಾಗ ಡೀಸೆಲ್ ಉಳಿಸೋಕೆ ಗಾಡಿ ನ್ಯೂಟ್ರಲ್ ಹಾಕಬಾರದು ಅಂತಾರೆ, ಯಾಕೆ? (ಸಕಲೇಶಪುರದ ಓದುಗರು)

ಉತ್ತರ: 10 ಟನ್ ಲಾರಿ ಎತ್ತರದಲ್ಲಿ 500 ಮೀಟರ್ ಕೆಳಗೆ ಇಳಿದ್ರೆ 4 ಕೋಟಿ 90 ಲಕ್ಷ ಜೌಲ್ ಎಲ್ಲಿಗಾದ್ರೂ ಹೋಗ್ಲೇಬೇಕು, ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 13 ಯೂನಿಟ್‌ಗೂ ಜಾಸ್ತಿ. ಗೇರಲ್ಲಿದ್ರೆ ಒಂದು ದೊಡ್ಡ ಪಾಲು ಎಂಜಿನ್ ನುಂಗುತ್ತೆ. ನ್ಯೂಟ್ರಲ್ ಹಾಕಿದ್ರೆ ಹೆಚ್ಚುಕಮ್ಮಿ ಅಷ್ಟೂ ಬ್ರೇಕಿನ ತಲೆ ಮೇಲೆ, ಕಾದು ಕಾದು ಲೈನರ್ (ಬ್ರೇಕಲ್ಲಿ ಉಜ್ಜಿ ಹಿಡಿಯೋ ಪಟ್ಟಿ) ಹಿಡಿತ ಬಿಡುತ್ತೆ, ಪೆಡಲ್ ಎಷ್ಟು ತುಳಿದ್ರೂ ಗಾಡಿ ನಿಲ್ಲಲ್ಲ. ಹತ್ತಿದ ಗೇರಲ್ಲೇ ಇಳಿಸು ಅಂತ ಹಳೇ ಡ್ರೈವರ್‌ಗಳು ಹೇಳೋದು ಇದಕ್ಕೇ. ಅಂದಹಾಗೆ ಈಗಿನ ಗಾಡಿಗಳಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಇಳಿಜಾರಲ್ಲಿ ಡೀಸೆಲ್ ಸಪ್ಲೈ ತಾನಾಗೇ ಕಟ್ ಆಗುತ್ತೆ, ನ್ಯೂಟ್ರಲಲ್ಲೇ ಐಡಲ್‌ಗೆ ಅಂತ ಒಂಚೂರು ಕುಡೀತಿರುತ್ತೆ.