ಜಾರ್ಜಿ ಫೇಮ್ ಅಂಡ್ ದಿ ಬ್ಲೂ ಫ್ಲೇಮ್ಸ್: ಮೂರೇ ಹಿಟ್ ಕೊಟ್ಟ ಬ್ಯಾಂಡಿಗೆ ಹಿಟ್ ಸಂಗ್ರಹ ಸಾಕಲ್ವಾ? 1964ರ ಫ್ಲಮಿಂಗೋ ಎಲ್‌ಪಿಗೆ ಅಷ್ಟು ದುಡ್ಡು ಯಾಕೆ ಕೊಡಬೇಕು?

ಗೊತ್ತಿಲ್ಲದವರಿಗೆ: ಇದು 1960ರ ದಶಕದಲ್ಲಿ ರಿದಮ್ ಅಂಡ್ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಕುಣಿತದ ಸಂಗೀತ, ನುಡಿಸುತ್ತಿದ್ದ ಲಂಡನ್ನಿನ ಬ್ಯಾಂಡ್; ಫ್ಲಮಿಂಗೋ ಅವರು ನುಡಿಸುತ್ತಿದ್ದ ಕ್ಲಬ್. ಮ್ಯಾಂಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾಗ ನನ್ನ ಮುಂದೆಯೂ ಇದೇ ಆಯ್ಕೆ ಇತ್ತು. ನಾನು ಫ್ಲಮಿಂಗೋ ಎಲ್‌ಪಿ ಕೊಟ್ಟು ಹಿಟ್ ಸಂಗ್ರಹ ತಗೊಂಡೆ. ಮುಂದೆ ಅದೇ ಎಲ್‌ಪಿಯನ್ನು ಮತ್ತೆ ಕೊಳ್ಳಲು ಎಷ್ಟು ಸುರಿದೆ ಅನ್ನುವುದು ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಆದ್ದರಿಂದ ಎರಡೂ ಕಡೆ ತೂಗಿ ನೋಡುವ ಉತ್ತರ ನನ್ನಿಂದ ಬರುವುದಿಲ್ಲ.

ಆದದ್ದು ಇಷ್ಟು. ರಜೆಯ ದಿನ ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಅಂಗಡಿ ಸುತ್ತುವ ಚಟ ನನಗೆ. ಒಂದು ಅಂಗಡಿಯ ಮೂಲೆಯಲ್ಲಿದ್ದ ಡಬ್ಬದಲ್ಲಿ 'ರಿದಮ್ ಅಂಡ್ ಬ್ಲೂಸ್ ಅಟ್ ದಿ ಫ್ಲಮಿಂಗೋ' ಸಿಕ್ಕಿತು. ಕೊಲಂಬಿಯಾ ಲೇಬಲ್, ಮೋನೋ, ಕವರಿನ ಅಂಚು ಸವೆದಿತ್ತು, ಬೆಲೆಯೂ ಕಮ್ಮಿ. ಮನೆಗೆ ತಂದು ಹಾಕಿದೆ. ಮೊದಲು ಯಾರೋ ಮೈಕಿನಲ್ಲಿ ಬ್ಯಾಂಡನ್ನು ಪರಿಚಯ ಮಾಡುತ್ತಾನೆ. ಆಮೇಲೆ ಸ್ಯಾಕ್ಸೋಫೋನ್, ಆರ್ಗನ್, ಜನರ ಕೂಗು, ಎಲ್ಲಾ ಒಂದರ ಮೇಲೊಂದು ಬಿದ್ದು ಬರುತ್ತವೆ. ಹಿಡಿಸಲಿಲ್ಲ. ಅಷ್ಟರಲ್ಲಿ ಪರಿಚಯದ ಒಬ್ಬ ಸಂಗ್ರಾಹಕ, ಇದನ್ನು ಕೊಟ್ಟರೆ ಹೊಳೆಯುವ ಹೊಸ ಹಿಟ್ ಸಂಗ್ರಹ ಕೊಡುತ್ತೇನೆ ಅಂದ. ಕೊಟ್ಟೆ. ಅವನನ್ನು ಏಮಾರಿಸಿದೆ ಅಂತ ಒಳಗೊಳಗೇ ಖುಷಿಯನ್ನೂ ಪಟ್ಟೆ.

ಬರೀ ಗದ್ದಲ ಇಷ್ಟವಾಗಲಿಲ್ಲ ಅಂತ ಕೊಟ್ಟಿದ್ದರೆ ಅದು ರುಚಿಯ ಮಾತಾಗುತ್ತಿತ್ತು. ನಾನು ಕೊಟ್ಟದ್ದು ಅತಿಬುದ್ಧಿವಂತಿಕೆಯಿಂದ. ಅದಕ್ಕೆ ಸ್ವಲ್ಪ ಮುಂಚೆ ಬ್ರಿಟನ್ನಿನ ಬ್ಲೂಸ್ ಗಿಟಾರ್ ವಾದಕ ಅಲೆಕ್ಸಿಸ್ ಕಾರ್ನರ್ ಅವರ ಬ್ಲೂಸ್ ಇನ್‌ಕಾರ್ಪೊರೇಟೆಡ್ ಬ್ಯಾಂಡಿನ ಬಗ್ಗೆ ಓದಿದ್ದೆ. ಅವರ 'ಆರ್ ಅಂಡ್ ಬಿ ಫ್ರಮ್ ದಿ ಮಾರ್ಕೀ' ಬಂದದ್ದು 1962ರಲ್ಲಿ. ಹೆಸರಿನಲ್ಲಿ ಮಾರ್ಕೀ ಕ್ಲಬ್ ಇದೆ. ಆದರೆ ಅದು ರೆಕಾರ್ಡ್ ಆದದ್ದು ಕ್ಲಬ್ಬಿನಲ್ಲಲ್ಲ, ಡೆಕ್ಕಾ ಸ್ಟುಡಿಯೋದಲ್ಲಿ. ಈ ಒಂದು ಸಂಗತಿ ನನ್ನ ತಲೆಗೇರಿತು. ಆ ಕಾಲದವರು ಕ್ಲಬ್ಬಿನ ಹೆಸರನ್ನು ಮಾರಾಟಕ್ಕಾಗಿ ಕವರಿನ ಮೇಲೆ ಹಾಕುತ್ತಿದ್ದರು, ಫ್ಲಮಿಂಗೋದೂ ಅದೇ ಕಥೆ ಇರಬೇಕು ಅಂತ ತೀರ್ಮಾನಿಸಿದೆ. ಆ ಕೂಗು, ಚಪ್ಪಾಳೆ ಎಲ್ಲಾ ಆಮೇಲೆ ಸೇರಿಸಿದ್ದೇ ಅಂದುಕೊಂಡೆ. ಅದರ ಮೇಲೆ ಇನ್ನೊಂದು ಲೆಕ್ಕ: ಹಾಡುಗಳೆಲ್ಲ ಬೇರೆಯವರವು, ಎಲ್‌ಪಿ ಬಂದಾಗ ಮಾರಾಟದ ಪಟ್ಟಿಯಲ್ಲಿ ಎಲ್ಲೂ ಕಾಣಿಸಲಿಲ್ಲ. ಹಾಗಾದರೆ ಇದು ಹಿಟ್ ಬರುವ ಮುಂಚಿನ ಕಚ್ಚಾ ಸರಕು, ಅಷ್ಟೇ. ಯಾರನ್ನೂ ಕೇಳಲಿಲ್ಲ. ಕವರಿನ ಹಿಂಬದಿಯನ್ನೂ ಗಮನವಿಟ್ಟು ಓದಲಿಲ್ಲ. ಒಂದು ಎಲ್‌ಪಿಯ ಬಗ್ಗೆ ಗೊತ್ತಿದ್ದ ನಿಜವನ್ನು ಇನ್ನೊಂದರ ಮೇಲೆ ಹೊರಿಸಿ ನಾನೇ ತೀರ್ಪು ಕೊಟ್ಟುಬಿಟ್ಟೆ.

ನಿಜ ಏನು ಅಂದ್ರೆ, ಫ್ಲಮಿಂಗೋ ಎಲ್‌ಪಿ 1963ರ ಸೆಪ್ಟೆಂಬರ್‌ನಲ್ಲಿ ಆ ಕ್ಲಬ್ಬಿನಲ್ಲೇ ರೆಕಾರ್ಡ್ ಆದದ್ದು. ನಿರ್ಮಾಪಕ ಇಯಾನ್ ಸ್ಯಾಮ್‌ವೆಲ್. ಎಂಜಿನಿಯರ್ ಗ್ಲಿನ್ ಜಾನ್ಸ್. ಇದೇ ಗ್ಲಿನ್ ಜಾನ್ಸ್ ಮುಂದೆ ರೋಲಿಂಗ್ ಸ್ಟೋನ್ಸ್ ಮತ್ತು ದಿ ಹೂ ಜೊತೆ ಕೆಲಸ ಮಾಡಿದವರು. ನಾನು ಗದ್ದಲ ಅಂದುಕೊಂಡದ್ದು ಲಂಡನ್ನಿನ ಸೋಹೋ ಬಡಾವಣೆಯ ಒಂದು ನೆಲಮಾಳಿಗೆ ನಿಜವಾಗಿಯೂ ಹೇಗೆ ಕೇಳಿಸುತ್ತಿತ್ತೋ ಅದು. ಅಂಥ ದಾಖಲೆಯನ್ನು ಕೊಟ್ಟು ನಾನು ತಂದದ್ದು ಯಾವ ಅಂಗಡಿಯಲ್ಲೂ ಸಿಗುವ ಸಂಗ್ರಹ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. 'ಮೂರೇ ಹಿಟ್ ಕೊಟ್ಟ ಬ್ಯಾಂಡ್' ಅಂದಿದ್ದೀರಿ. ಒಂದು, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಬ್ಯಾಂಡಿನ ಲೆಕ್ಕಕ್ಕೆ ಬರುವ ನಂಬರ್ ಒನ್ ಎರಡೇ: 1965ರ ಜನವರಿಯ 'ಯೇ ಯೇ' ಮತ್ತು 1966ರ ಜುಲೈನ 'ಗೆಟ್ ಅವೇ'. ಮೂರನೆಯದು, 1968ರ 'ಬಾನಿ ಅಂಡ್ ಕ್ಲೈಡ್' ಹಾಡು, ಬರುವ ಹೊತ್ತಿಗೆ ಬ್ಲೂ ಫ್ಲೇಮ್ಸ್ ಇರಲೇ ಇಲ್ಲ. ಎರಡು, ಕ್ಲಬ್ ಬ್ಯಾಂಡನ್ನು ಹಿಟ್‌ನಿಂದ ಅಳೆಯುವುದೇ ಸರಿಯಲ್ಲ. ರಾತ್ರಿಯಿಡೀ ನಡೆದ ಯಕ್ಷಗಾನವನ್ನು ಬೆಳಿಗ್ಗೆ ಯಾರೋ ಮೊಬೈಲಿಗೆ ಕಳಿಸಿದ ಒಂದು ಪದ್ಯದಿಂದ ಅಳೆದ ಹಾಗಾಗುತ್ತದೆ.

ಈ ಹೋಲಿಕೆ ಸುಮ್ನೆ ಕೊಟ್ಟದ್ದಲ್ಲ. ವಾರ್ಡೋರ್ ಸ್ಟ್ರೀಟಿನ ಫ್ಲಮಿಂಗೋದಲ್ಲಿ ಶುಕ್ರವಾರ, ಶನಿವಾರ ನಡುರಾತ್ರಿಗೆ ಶುರುವಾದ ಕುಣಿತ ಬೆಳಗಿನ ಆರರವರೆಗೆ ನಡೆಯುತ್ತಿತ್ತು. ಕ್ಲಬ್ ಜೆಫ್ರಿ ಕ್ರೂಗರ್ ಅವರದು, ಈ ರಾತ್ರಿಗಳನ್ನು ನಡೆಸುತ್ತಿದ್ದವರು ರಿಕ್ ಗನ್ನೆಲ್. ಮದ್ಯದ ಲೈಸೆನ್ಸ್ ಇರಲಿಲ್ಲ. ಕೋಕಾ-ಕೋಲಾ ಹೆಸರಿನಲ್ಲಿ ಮದ್ಯವೂ ಹೋಗುತ್ತಿತ್ತು, ಹುಡುಗರ ಜೇಬಿನಲ್ಲಿ ನಿದ್ದೆಗೆಡಿಸುವ ಮಾತ್ರೆಗಳೂ ಇರುತ್ತಿದ್ದವು ಅನ್ನುವುದು ಬೇರೆ ಮಾತು.

ಅಲ್ಲಿಗೆ ಈ ಬ್ಯಾಂಡ್ ಬಂದದ್ದು ಹೇಗೆ ಅನ್ನುವುದು ಇನ್ನೂ ಚೆನ್ನಾಗಿದೆ. ಜಾರ್ಜಿ ಫೇಮ್ ಅವರ ಹುಟ್ಟುಹೆಸರು ಕ್ಲೈವ್ ಪವೆಲ್. 1943ರಲ್ಲಿ ಲ್ಯಾಂಕಾಶೈರ್‌ನ ಲೀ ಎಂಬ ಊರಿನಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಹತ್ತಿಯ ಗಿರಣಿಯಲ್ಲಿ ದುಡಿದು, ಹದಿಹರೆಯದಲ್ಲೇ ಲಂಡನ್ನಿಗೆ ಬಂದು ಮ್ಯಾನೇಜರ್ ಲ್ಯಾರಿ ಪಾರ್ನ್ಸ್ ಕೈಗೆ ಸಿಕ್ಕಿದರು. ಪಾರ್ನ್ಸ್‌ಗೆ ಎಲ್ಲರ ಹೆಸರು ಬದಲಾಯಿಸುವ ಖಯಾಲಿ. ಗಾಯಕರಾದ ಬಿಲ್ಲಿ ಫ್ಯೂರಿ, ಮಾರ್ಟಿ ವೈಲ್ಡ್ ಎಲ್ಲಾ ಅವರು ಇಟ್ಟ ಹೆಸರುಗಳೇ. ಇವರು ಜಾರ್ಜಿ ಫೇಮ್ ಆದರು. ಬ್ಲೂ ಫ್ಲೇಮ್ಸ್ ಮೊದಲು ಬಿಲ್ಲಿ ಫ್ಯೂರಿಯ ಹಿಂದೆ ನಿಂತು ನುಡಿಸುವ ತಂಡವಾಗಿತ್ತು. 1961ರ ಕೊನೆಯಲ್ಲಿ ಇವರನ್ನು ತೆಗೆದುಹಾಕಿದರು. ಆ ಜಾಗಕ್ಕೆ ಟಾರ್ನೇಡೋಸ್ ಎಂಬ ತಂಡ ಬಂತು. ಕೆಲಸ ಹೋದ ಕೆಲವೇ ತಿಂಗಳಲ್ಲಿ, 1962ರ ಮಾರ್ಚ್‌ನಲ್ಲಿ, ಇವರಿಗೆ ಫ್ಲಮಿಂಗೋದಲ್ಲಿ ಖಾಯಂ ನುಡಿಸುವ ಅವಕಾಶ ಸಿಕ್ಕಿತು. ಮೂರು ವರ್ಷ ಅಲ್ಲೇ ಬೇರೂರಿದರು.

ತಮಾಷೆ ನೋಡಿ. ಕಾರ್ನರ್ ಮತ್ತು ಸಿರಿಲ್ ಡೇವಿಸ್ ತಮ್ಮ ಈಲಿಂಗ್ ಕ್ಲಬ್ ತೆರೆದದ್ದೂ ಅದೇ ಮಾರ್ಚ್‌ನಲ್ಲಿ. ಮಿಕ್ ಜಾಗರ್, ಬ್ರಯಾನ್ ಜೋನ್ಸ್, ಚಾರ್ಲಿ ವಾಟ್ಸ್ ಎಲ್ಲಾ ಅಲ್ಲಿ ಓಡಾಡಿದವರು. ಹಾಗಾಗಿ ಬ್ರಿಟಿಷ್ ರಿದಮ್ ಅಂಡ್ ಬ್ಲೂಸ್ ಅಂದ ಕೂಡಲೇ ಎಲ್ಲರೂ ಈಲಿಂಗ್‌ನಿಂದ ಶುರುಮಾಡಿ ಸ್ಟೋನ್ಸ್‌ಗೆ ಬಂದು ಮುಗಿಸುತ್ತಾರೆ. ಗಿಟಾರ್, ಮೌತ್ ಆರ್ಗನ್, ಷಿಕಾಗೋ ಬ್ಲೂಸ್. ಅದು ಒಂದು ಕವಲು ಮಾತ್ರ. ಆರ್ಗನ್, ಸ್ಯಾಕ್ಸ್, ಕೈಯಲ್ಲಿ ಬಾರಿಸುವ ಕಾಂಗಾ ಡ್ರಮ್, ಜಾಝ್ ಸೇರಿದ ಇನ್ನೊಂದು ಕವಲು ಫ್ಲಮಿಂಗೋದಲ್ಲಿ ಹರಿಯಿತು. ನನ್ನನ್ನು ಕೇಳಿದರೆ ಕುಣಿಯಲು ಎರಡನೆಯದೇ ಮೇಲು.

ಕುಣಿಯಲು ಬರುತ್ತಿದ್ದವರು ಯಾರು ಅನ್ನುವುದರಲ್ಲೇ ಬ್ಯಾಂಡಿನ ಗುಟ್ಟಿದೆ. ಇಂಗ್ಲೆಂಡಿನ ನೆಲೆಗಳಲ್ಲಿದ್ದ ಅಮೆರಿಕದ ಕಪ್ಪು ಸೈನಿಕರು, ವೆಸ್ಟ್ ಇಂಡೀಸ್‌ನಿಂದ ಬಂದು ನೆಲೆಸಿದವರು, ಮತ್ತೆ 'ಮಾಡ್' ಅಂತ ಕರೆಸಿಕೊಳ್ಳುತ್ತಿದ್ದ, ಚೆನ್ನಾಗಿ ಬಟ್ಟೆ ತೊಟ್ಟ ಫ್ಯಾಷನ್ ಹುಡುಗರು. ಸೈನಿಕರು ಅಮೆರಿಕದ ರೆಕಾರ್ಡ್‌ಗಳನ್ನು ತಂದು ಕೊಡುತ್ತಿದ್ದರು. ಮೋಸ್ ಆಲಿಸನ್, ಜಿಮ್ಮಿ ಸ್ಮಿತ್, ಬುಕರ್ ಟಿ. ಅವರ 'ಗ್ರೀನ್ ಆನಿಯನ್ಸ್', ಇವನ್ನೆಲ್ಲ ಕೇಳಿ ಪಿಯಾನೋ ನುಡಿಸುತ್ತಿದ್ದ ಫೇಮ್ 1962ರ ಕೊನೆಗೆ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ ಕೊಂಡರು. ಲಂಡನ್ ಕ್ಲಬ್ಬುಗಳಲ್ಲಿ ಆಗ ಅದು ಅಪರೂಪ. ಹ್ಯಾಮಂಡ್‌ಗೆ ಜೋಡಿಸುವ ಲೆಸ್ಲಿ ಸ್ಪೀಕರಿನ ಒಳಗೆ ಕೊಂಬೊಂದು ಗಿರಗಿರ ತಿರುಗುತ್ತದೆ. ದನಿ ನಡುಗುತ್ತಾ ಬರುವುದು ಅದರಿಂದ. ಒಂದು ಕೈಯಲ್ಲಿ ಸ್ಯಾಕ್ಸ್‌ಗಳ ಕೆಳಗೆ ಉದ್ದನೆಯ ಸ್ವರ ಹಾಸಿ, ಇನ್ನೊಂದು ಕೈಯಲ್ಲಿ ಚುಚ್ಚುವಂಥ ಗಿಡ್ಡ ಸ್ವರ ಹಾಕಬಹುದು, ಮೇಲೆ ಹಾಡಲೂಬಹುದು. ಸಣ್ಣ ತಂಡ ದೊಡ್ಡದಾಗಿ ಕೇಳಿಸುವುದು ಹಾಗೆ.

ಜಾಗ ಅಷ್ಟೇನೂ ಸಾಧುವಾಗಿರಲಿಲ್ಲ. 1962ರ ಅಕ್ಟೋಬರ್‌ನಲ್ಲಿ ಕ್ರಿಸ್ಟೀನ್ ಕೀಲರ್ ಎಂಬ ಯುವತಿಯ ವಿಚಾರಕ್ಕೆ ಲಕ್ಕಿ ಗಾರ್ಡನ್ ಮತ್ತು ಜಾನಿ ಎಜ್‌ಕೋಂಬ್ ನಡುವೆ ಚಾಕು ಹೊರಬಂದದ್ದು ಇದೇ ಕ್ಲಬ್ಬಿನಲ್ಲಿ. ಆ ಜಗಳದ ಎಳೆ ಬಿಚ್ಚುತ್ತಾ ಹೋಗಿ ಮುಂದಿನ ವರ್ಷದ ಪ್ರೊಫ್ಯೂಮೊ ಹಗರಣದವರೆಗೂ ಮುಟ್ಟಿತು. ಅದೇ ಕೀಲರ್ ಜೊತೆಗಿನ ಸಂಬಂಧ ಬಯಲಾಗಿ ಪ್ರೊಫ್ಯೂಮೊ ಎಂಬ ಬ್ರಿಟಿಷ್ ಮಂತ್ರಿಯ ಕುರ್ಚಿಯೇ ಹೋಯಿತು.

ಈಗ ಎಲ್‌ಪಿಯ ಹಾಡುಗಳನ್ನು ಸಾಲಾಗಿ ನೋಡಿ. 'ಲೆಟ್ ದಿ ಗುಡ್ ಟೈಮ್ಸ್ ರೋಲ್' ಲೂಯಿ ಜೋರ್ಡನ್ ಹಾಡಿ ಹೆಸರುವಾಸಿಯಾದದ್ದು. 'ಶಾಪ್ ಅರೌಂಡ್' ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯದು. 'ಡು ದಿ ಡಾಗ್' ಮೆಂಫಿಸ್‌ನ ರೂಫಸ್ ಥಾಮಸ್ ಕಡೆಯಿಂದ. 'ವರ್ಕ್ ಸಾಂಗ್' ಜಾಝ್‌ನವರದು. 'ಪಾರ್ಚ್‌ಮನ್ ಫಾರ್ಮ್' ಮೋಸ್ ಆಲಿಸನ್ ದಾರಿಯಲ್ಲಿ ಬಂದದ್ದು. 'ಹಂಪ್ಟಿ ಡಂಪ್ಟಿ' ಜಮೈಕಾದ ಸ್ಕಾ ಎಂಬ ಕುಣಿತದ ಸಂಗೀತ. ನಾನು 'ಎಲ್ಲಾ ಬೇರೆಯವರ ಹಾಡು' ಅಂತ ಮೂಗು ಮುರಿದದ್ದು ಇದನ್ನೇ! ಮುಂದೆ ನಿಂತವರಲ್ಲಿ ಯಾರು ಯಾರಿದ್ದಾರೆ ಅಂತ ನೋಡಿ ಕಟ್ಟಿದ ಸರಣಿ ಇದು. ಸೈನಿಕನಿಗೆ ಊರಿನ ಹಾಡು, ಜಮೈಕಾದವನಿಗೆ ಅವನ ಕುಣಿತ, ಮಾಡ್ ಹುಡುಗನಿಗೆ ಬೇರೆಲ್ಲೂ ಸಿಗದ ಹೊಸತು. 1963ರ ಲಂಡನ್ನಿನಲ್ಲಿ ಇಷ್ಟು ದಿಕ್ಕಿನ ಸಂಗೀತವನ್ನು ಒಂದೇ ರಾತ್ರಿ, ಒಂದೇ ತಂಡದಿಂದ ಕೇಳಿಸಿದವರು ತುಂಬಾ ಜನ ಇರಲಿಲ್ಲ. ಹಿಟ್ ಸಂಗ್ರಹದಲ್ಲಿ ಇದು ನಿಮಗೆ ಸಿಗುವುದೇ ಇಲ್ಲ.

ಹಾಗಂತ ಹಿಟ್‌ಗಳು ಕಳಪೆ ಅಂತಲ್ಲ. 'ಯೇ ಯೇ' ಮಾಂಗೋ ಸಾಂಟಮರಿಯಾ ನುಡಿಸಿದ್ದ ಲ್ಯಾಟಿನ್ ಜಾಝ್ ತುಣುಕು. ಅದಕ್ಕೆ ಜಾನ್ ಹೆಂಡ್ರಿಕ್ಸ್ ಮಾತು ಕಟ್ಟಿದರು. ಅಂಥದ್ದೊಂದು ಬೀಟಲ್ಸ್‌ನ 'ಐ ಫೀಲ್ ಫೈನ್' ಅನ್ನು ಮೇಲಿನಿಂದ ಇಳಿಸಿತು ಅಂದ್ರೆ ಸುಮ್ನೆ ಅಲ್ಲ. 'ಗೆಟ್ ಅವೇ' ಮಾತ್ರ ನನಗೆ ಅಷ್ಟಕ್ಕಷ್ಟೇ. ಮೊದಲು ಪೆಟ್ರೋಲ್ ಜಾಹೀರಾತಿಗೆಂದು ಮಾಡಿದ ರಾಗ ಅದು, ಇವತ್ತಿಗೂ ಹಾಗೇ ಕೇಳಿಸುತ್ತದೆ. 1965ರಲ್ಲಿ ಮೋಟೌನ್ ಕಲಾವಿದರ ತಂಡ ಬ್ರಿಟನ್ ಪ್ರವಾಸಕ್ಕೆ ಬಂದಾಗ ಅವರ ಜೊತೆ ವೇದಿಕೆ ಹಂಚಿಕೊಂಡ ಬ್ರಿಟಿಷ್ ಕಲಾವಿದ ಇದೇ ಜಾರ್ಜಿ ಫೇಮ್. ಆ ಗೌರವ ಬಂದದ್ದು ಬರೀ ಒಂದು ಹಿಟ್‌ನಿಂದ ಅಂತ ನನಗನ್ನಿಸುವುದಿಲ್ಲ.

ಬ್ಯಾಂಡಿನಲ್ಲಿ ಬಂದುಹೋದವರ ಹೆಸರು ನೋಡಿದರೂ ಸಾಕು. ಕಾಂಗಾಕ್ಕೆ ಘಾನಾದ ಸ್ಪೀಡಿ ಅಕ್ವೇ. ಟ್ರಂಪೆಟ್‌ಗೆ ಜಮೈಕಾದ ಎಡ್ಡಿ 'ಟ್ಯಾನ್ ಟ್ಯಾನ್' ಥಾರ್ನ್‌ಟನ್. ಬೀಟಲ್ಸ್‌ನ 'ರಿವಾಲ್ವರ್' ಎಲ್‌ಪಿಯಲ್ಲಿ 'ಗಾಟ್ ಟು ಗೆಟ್ ಯು ಇಂಟು ಮೈ ಲೈಫ್' ಹಾಡಿನ ತುತ್ತೂರಿ, ಸ್ಯಾಕ್ಸ್‌ಗಳಲ್ಲಿ ಥಾರ್ನ್‌ಟನ್ ಮತ್ತು ಇದೇ ಬ್ಯಾಂಡಿನ ಪೀಟರ್ ಕೋ ಇದ್ದಾರೆ. ಸ್ವಲ್ಪ ಕಾಲ ಗಿಟಾರ್ ಹಿಡಿದದ್ದು ಜಾನ್ ಮೆಕ್‌ಲಾಫ್ಲಿನ್. ಹೌದು, ಮುಂದೆ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜೊತೆ 'ಶಕ್ತಿ' ಕಟ್ಟಿದವರೇ. ಕರ್ನಾಟಕ ಸಂಗೀತ ಕೇಳುವ ನಮ್ಮ ಮನೆಗಳಲ್ಲಿ 'ಶಕ್ತಿ' ಗೊತ್ತು, ಸೋಹೋದ ಈ ಬ್ಯಾಂಡ್ ಗೊತ್ತಿಲ್ಲ. ಡ್ರಮ್ಸ್‌ನಲ್ಲಿ ಮಿಚ್ ಮಿಚೆಲ್. 1966ರಲ್ಲಿ ಫೇಮ್ ಬ್ಯಾಂಡನ್ನು ವಿಸರ್ಜಿಸಿದ ಬೆನ್ನಿಗೇ ಅಕ್ಟೋಬರ್‌ನಲ್ಲಿ ಮಿಚೆಲ್ ಹೋಗಿ ಜಿಮಿ ಹೆಂಡ್ರಿಕ್ಸ್ ಜೊತೆ ಸೇರಿದರು. ಎರಡು ಹಿಟ್ ಅಂತ ಎಣಿಸುವವರ ಲೆಕ್ಕಕ್ಕೆ ಇದೆಲ್ಲ ಎಲ್ಲಿ ಸಿಗಬೇಕು?

ವಿಸರ್ಜಿಸಿದ್ದು ಸರಿಯಾ ಅಂದ್ರೆ, ನನ್ನ ಪ್ರಕಾರ ಅಲ್ಲ. ಹಾಡುಗಾರನೊಬ್ಬನ ಮುಖಕ್ಕೆ ಬೆಲೆ ಜಾಸ್ತಿ ಬಂದ ಕಾಲ ಅದು, ಲೆಕ್ಕ ಅರ್ಥವಾಗುತ್ತದೆ. ಆದರೆ ಆಮೇಲಿನ ಹಾಡುಗಳಲ್ಲಿ ಎದುರಿಗೆ ಯಾರಿದ್ದಾರೆ ಅನ್ನುವುದೇ ನನಗೆ ಕೇಳಿಸುವುದಿಲ್ಲ. ಫೇಮ್ ಹ್ಯಾಮಂಡ್ ಬಿಡಲಿಲ್ಲ ಅನ್ನುವುದೊಂದು ಸಮಾಧಾನ. ವ್ಯಾನ್ ಮಾರಿಸನ್ ಜೊತೆ, ಬಿಲ್ ವೈಮನ್ ಅವರ ರಿದಮ್ ಕಿಂಗ್ಸ್ ಜೊತೆ ವರ್ಷಗಟ್ಟಲೆ ನುಡಿಸಿದರು.

ದುಡ್ಡಿನ ವಿಚಾರ. 1964ರ ಮೂಲ ಎಲ್‌ಪಿಯೇ ಬೇಕು ಅಂತ ನಾನು ಹೇಳುವುದಿಲ್ಲ. ನಾನು ಸುರಿದದ್ದು ಹಟಕ್ಕೆ, ಸಂಗೀತಕ್ಕಲ್ಲ. ಮರುಮುದ್ರಣ ಸಿಕ್ಕರೆ ತಗೊಳ್ಳಿ, ಸಿಡಿಯಾದರೂ ಪರವಾಗಿಲ್ಲ. ಹಿಟ್ ಸಂಗ್ರಹಕ್ಕೆ ಮಾತ್ರ ಒಂದು ಕಾಸೂ ಕೊಡಬೇಡಿ, ಆ ಹಾಡುಗಳು ಹೇಗೂ ಎಲ್ಲೆಲ್ಲೂ ಸಿಗುತ್ತವೆ. ಉಳಿದ ದುಡ್ಡಿಗೆ ಝೂಟ್ ಮನಿಯ ಬಿಗ್ ರೋಲ್ ಬ್ಯಾಂಡ್ ಕ್ಲೂಕ್ಸ್ ಕ್ಲೀಕ್ ಕ್ಲಬ್ಬಿನಲ್ಲಿ ರೆಕಾರ್ಡ್ ಮಾಡಿದ 1966ರ ಎಲ್‌ಪಿ ಹುಡುಕಿ. ಗಿಟಾರ್‌ನಲ್ಲಿ ಆಂಡಿ ಸಮರ್ಸ್ ಇದ್ದಾರೆ, ಮುಂದೆ 'ದಿ ಪೊಲೀಸ್' ಎಂಬ ರಾಕ್ ಬ್ಯಾಂಡಿಗೆ ಹೋದವರು. ಆಮೇಲೆ ಜೀನೋ ವಾಷಿಂಗ್ಟನ್ ಮತ್ತು ರ‍್ಯಾಮ್ ಜ್ಯಾಮ್ ಬ್ಯಾಂಡ್. ಅಮೆರಿಕದ ವಾಯುಪಡೆಯಲ್ಲಿದ್ದು ಇಂಗ್ಲೆಂಡಿನಲ್ಲೇ ಹಾಡುಗಾರನಾದ ಮನುಷ್ಯ. ಅವರ ಸಿಂಗಲ್‌ಗಳು ಮೇಲೇರಲೇ ಇಲ್ಲ, 1966ರ ಲೈವ್ ಎಲ್‌ಪಿ ಮಾತ್ರ ಬ್ರಿಟನ್ನಿನ ಪಟ್ಟಿಯಲ್ಲಿ 5ನೇ ಸ್ಥಾನ ಮುಟ್ಟಿತು. ಕ್ಲಬ್ಬಿಗೆ ಹೋಗಿ ಕುಣಿದವರು ಅಂಗಡಿಯಲ್ಲಿ ಏನು ಕೇಳಿ ತಗೊಂಡರು ಅನ್ನುವುದು ಗೊತ್ತಾಯಿತಲ್ವಾ?

ಫ್ಲಮಿಂಗೋ ಕೇಳುವಾಗ ಹೆಡ್‌ಫೋನ್ ಬೇಡ. ಸ್ಪೀಕರಿಗೆ ಹಾಕಿ, ಕೋಣೆಯ ಇನ್ನೊಂದು ಮೂಲೆಯಲ್ಲಿ ನಿಂತು ಕೇಳಿ. ಮೊದಲ ಸಲ ಹಿಡಿಸದಿದ್ದರೆ ಯಾರಿಗೂ ಕೊಟ್ಟುಬಿಡಬೇಡಿ. ಕೊಡಲೇಬೇಕು ಅನ್ನಿಸಿದರೆ ನನಗೆ ಸಂದೇಶ ಕಳಿಸಿ, ಬದಲಿಗೆ ಕೊಡಲು ನನ್ನ ಹತ್ತಿರ ಒಂದು ಹಿಟ್ ಸಂಗ್ರಹ ಇದೆ.