ಹಾಯಿದೋಣಿಯ ಡೀಸೆಲ್ ಎಂಜಿನ್‌ಗೆ ಉಸಿರು ಸಾಕೆ?

ಪ್ರಶ್ನೆ: ಗೆಳೆಯರೊಡನೆ ಕೂಡಿ ಕೊಂಡ 30 ಅಡಿಯ ಹಾಯಿದೋಣಿ ಮುಂಬೈ ಬಂದರಿನಲ್ಲಿದೆ. ಕ್ಯಾಬಿನ್ ಮೆಟ್ಟಿಲ ಹಿಂದಿನ ಗೂಡಿನಲ್ಲಿ 1.1 ಲೀಟರಿನ ಡೀಸೆಲ್ ಎಂಜಿನ್ ಇದೆ. ಸದ್ದು ತಗ್ಗಲೆಂದು ಗೂಡಿಗೆ ಫೋಮ್ ಹೊದಿಸಿ ಸಂದುಗಳನ್ನೆಲ್ಲ ಮುಚ್ಚಿಸಿದೆವು. ಈಗ ಪೂರ್ತಿ ಥ್ರಾಟಲ್ ಕೊಟ್ಟರೂ ಎಂಜಿನ್ ಮೊದಲಿನ ವೇಗಕ್ಕೆ ಏರುತ್ತಿಲ್ಲ, ನಿಲ್ಲಿಸಿದ ಮೇಲೆ ಕ್ಯಾಬಿನ್‌ನಲ್ಲಿ ಡೀಸೆಲ್ ವಾಸನೆ ಬರುತ್ತದೆ. ಡೀಸೆಲ್ ದೋಣಿಗೆ ಬ್ಲೋವರ್ (ಎಂಜಿನ್ ಗೂಡಿನ ಗಾಳಿ ಆಡಿಸುವ ಫ್ಯಾನ್) ಬೇಕಿಲ್ಲವೆಂದು ಕೆಲವರು ಹೇಳುತ್ತಾರೆ. ಹಾಕಿಸಬೇಕೆ?
— ಓದುಗರು, ಮುಂಬೈ

ಉತ್ತರ: ಬ್ಲೋವರ್ ಬೇಕಿಲ್ಲವೆಂಬ ಮಾತು ಪೆಟ್ರೋಲ್ ದೋಣಿಗಳಿಗೆ ಹೋಲಿಸಿ ಹೇಳಿದ್ದು. ಪೆಟ್ರೋಲ್ ಆವಿ ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳಬಲ್ಲದಾದ್ದರಿಂದ ಅಲ್ಲಿ ಎಂಜಿನ್ ಚಾಲೂ ಮಾಡುವ ಮೊದಲೇ ಆವಿಯನ್ನು ಹೊರಗೆಳೆಯಬೇಕು. ಡೀಸೆಲ್‌ಗೆ ಆ ಭಯ ಕಡಿಮೆ, ಆದರೆ ಗಾಳಿಯ ಅಗತ್ಯ ಕಡಿಮೆಯಲ್ಲ. ನಿಮ್ಮ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಎರಡು ಸುತ್ತಿಗೊಮ್ಮೆ ಗಾಳಿ ಎಳೆದುಕೊಳ್ಳುವ ಲೆಕ್ಕದಲ್ಲಿ, ನಿಮಿಷಕ್ಕೆ ಸುಮಾರು 1650 ಲೀಟರ್ ಗಾಳಿಯನ್ನು ನುಂಗುತ್ತದೆ. ಸಂದು ಮುಚ್ಚಿದಾಗ ನೀವು ಮುಚ್ಚಿದ್ದು ಬಹುಶಃ ಅದರ ಮೂಗನ್ನೇ.

ಆದರೂ ಖರ್ಚು ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ಬಂದರಿನಾಚೆ ಪೂರ್ತಿ ಥ್ರಾಟಲ್‌ನಲ್ಲಿ ಹೋಗುತ್ತಿರುವಾಗ ಒಬ್ಬರು ಎಂಜಿನ್ನಿನ ಸುತ್ತು ತೋರಿಸುವ ಮೀಟರನ್ನು ನೋಡುತ್ತಿರಲಿ, ಮತ್ತೊಬ್ಬರು ಎಂಜಿನ್ನಿನ ತಿರುಗುವ ಬೆಲ್ಟ್‌ನಿಂದ ಕೈ ದೂರವಿಟ್ಟು ಮೆಟ್ಟಿಲಿನ ಮುಚ್ಚಳವನ್ನು ತೆಗೆಯಲಿ. ಮುಚ್ಚಳ ಒಳಕ್ಕೆ ಎಳೆದುಕೊಂಡಂತಿದ್ದು, ತೆಗೆದೊಡನೆ ವೇಗ ಏರಿದರೆ ಅಥವಾ ಕಪ್ಪು ಹೊಗೆ ತಿಳಿಯಾದರೆ ಗಾಳಿಯ ಕೊರತೆ ಖಚಿತ. ಏನೂ ಬದಲಾಗದಿದ್ದರೆ ಪ್ರೊಪೆಲ್ಲರಿಗೆ ಹತ್ತಿದ ಚಿಪ್ಪುಗಳನ್ನೂ ಎಕ್ಸಾಸ್ಟ್ ಎಲ್ಬೋದಲ್ಲಿ (ಹೊಗೆ ಹೊರಹೋಗುವ ಬಾಗಿದ ಕೊಳವೆಯಲ್ಲಿ) ಕಟ್ಟಿದ ಮಸಿಯನ್ನೂ ನೋಡಿಸಿ; ಬೆಚ್ಚನೆಯ ನೀರಿನಲ್ಲಿ ಸದಾ ನಿಂತಿರುವ ದೋಣಿಗೆ ಇವೆರಡೂ ಅಪರೂಪವಲ್ಲ.

ಕೊರತೆಯೇ ಕಾರಣವಾದರೆ ಮೊದಲು ಒಳಬರುವ ದಾರಿಯನ್ನು ಮಾಡಿಸಿ, ಬ್ಲೋವರ್ ಆಮೇಲಿನ ಮಾತು. 3 ಇಂಚಿನ ಕೊಳವೆಯ ಬಾಯಿ ಸುಮಾರು 45 ಚದರ ಸೆಂಟಿಮೀಟರ್. ಅದಕ್ಕೆ ಪಟ್ಟಿಪಟ್ಟಿಯ ಜಾಲರಿ ಹಾಕಿದರೆ ಗಾಳಿಗೆ ಉಳಿಯುವ ಜಾಗ ಎಷ್ಟೋ ಕಡಿಮೆಯಾಗುತ್ತದೆ. ಆದ್ದರಿಂದ ಅಂಥ ಎರಡು ಕೊಳವೆಗಳನ್ನು ಗೂಡಿನ ತಳದವರೆಗೆ, ಆದರೆ ಬಿಲ್ಜ್ (ದೋಣಿಯ ತಳ) ನೀರಿಗೆ ತಾಗದಂತೆ ಇಳಿಸುವುದು ಒಳ್ಳೆಯದು. ಕೊಳವೆ ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಂತು ದಾರಿಯೇ ಕಟ್ಟಿಹೋಗುತ್ತದೆ. ಡೆಕ್ಕಿನ ಮೇಲಿನ ಬಾಯಿಗೆ ಅಲೆಯ ನೀರನ್ನು ಬೇರ್ಪಡಿಸುವ ಡೊರಾಡ್ ಪೆಟ್ಟಿಗೆ ಸೂಕ್ತ. 1930ರ ‘ಡೊರಾಡ್’ ಎಂಬ ರೇಸಿನ ಹಾಯಿದೋಣಿಯಿಂದ ಆ ಹೆಸರು ಬಂದಿದೆ.

ಬ್ಲೋವರ್ ಹಾಕಿಸುವುದಾದರೆ ಅದು ಗೂಡಿನ ಮೇಲ್ಭಾಗದ ಬಿಸಿಗಾಳಿಯನ್ನು ಹೊರಗೆಳೆಯುವಂತಿರಲಿ. ಒಳಕ್ಕೆ ಊದುವ ಬ್ಲೋವರ್ ವಾಸನೆಯನ್ನು ಕ್ಯಾಬಿನ್ನಿಗೆ ತಳ್ಳೀತು. ಒಳದಾರಿ ಕಿರಿದಾಗಿದ್ದರೆ ಹೊರಗೆಳೆಯುವ ಬ್ಲೋವರ್ ಕೂಡ ಎಂಜಿನ್ನಿನ ಪಾಲಿನ ಗಾಳಿಯನ್ನೇ ಕಸಿಯುತ್ತದೆ. ಎಂಜಿನ್ ಓಡುವಾಗ ಗೂಡಿನ ಗಾಳಿಯನ್ನು ತಾನೇ ಎಳೆದುಕೊಳ್ಳುವುದರಿಂದ ವಾಸನೆ ಹೊರಬೀಳುವುದಿಲ್ಲ. ನಿಂತ ಮೇಲೆ ಕಾದ ಗಾಳಿ ಮೇಲೇರಿ ಕ್ಯಾಬಿನ್ ಸೇರುತ್ತದೆ. ಹಾಗಾಗಿ ಎಂಜಿನ್ ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಬ್ಲೋವರ್ ಓಡಲಿ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರಿಗೂ ಅದು ಹಿತ. ಆದರೆ ವಾಸನೆಯ ಮೂಲವಾದ ಸೋರಿಕೆಯನ್ನು ಬ್ಲೋವರ್ ನಿಲ್ಲಿಸಲಾರದು: ಇಂಧನ ಪೈಪಿನ ಜೋಡಣೆಗಳ ಕೆಳಗೆ ಬಿಳಿ ಕಾಗದ ಹಾಸಿಟ್ಟು ಎಲ್ಲಿ ಕಲೆ ಬೀಳುತ್ತದೆಂದು ನೋಡಿ. ಓಡುವಾಗಲೇ ಹೊಗೆಯ ವಾಸನೆ ಬಂದರೆ ಎಕ್ಸಾಸ್ಟ್ ಸೋರುತ್ತಿರಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುವುದರಿಂದ ಕೂಡಲೇ ಎಂಜಿನ್ ನಿಲ್ಲಿಸಬೇಕು.

ಗೂಡಿನಲ್ಲಿ ತಾನಾಗಿ ಗ್ಯಾಸ್ ಚಿಮ್ಮಿಸುವ ಅಗ್ನಿಶಾಮಕವಿದ್ದರೆ, ಬೆಂಕಿ ಬಿದ್ದಾಗ ಎಂಜಿನ್ನನ್ನೂ ಬ್ಲೋವರನ್ನೂ ಮೊದಲು ಆರಿಸಿ. ಇಲ್ಲದಿದ್ದರೆ ಅವೆರಡೂ ಸೇರಿ ಆ ಗ್ಯಾಸನ್ನು ಹೊರಹಾಕಿಬಿಡುತ್ತವೆ. ಬ್ಲೋವರಿನ ಸ್ವಿಚ್ ಗೂಡಿನ ಹೊರಗೆ, ಚುಕ್ಕಾಣಿ ಹಿಡಿದವರ ಕೈಗೆಟುಕುವಂತಿರಲಿ.